ಹತ್ತಂಕಿಯ ಹಿಂದೆ ಹದಿನೈದಂಕಿ

2021ರ ಮಾರ್ಚ್ 8, ಸೋಮವಾರ. ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಹಾಕಲು ಶುರುಮಾಡಿ ಆಗಿನ್ನೂ ಒಂದು ವಾರ. ಅಜ್ಜ ಅಜ್ಜಿಯರ ಹೆಸರನ್ನು ಕೋವಿನ್‌ನಲ್ಲಿ ಬರೆಸಲು ಕುಳಿತ ಮೊಮ್ಮಕ್ಕಳು ಫೋನ್ ನಂಬರ್ ಒತ್ತಿ ಒಟಿಪಿಗಾಗಿ ಕಾದೇ ಕಾದರು. ಅದು ಬರಲಿಲ್ಲ. ಬ್ಯಾಂಕಿನಿಂದ ದುಡ್ಡು ಕಳಿಸಲು ಹೊರಟವರಿಗೂ ಬರಲಿಲ್ಲ, ಆಧಾರ್ ಕೆಲಸ ಹಿಡಿದು ಕುಳಿತವರಿಗೂ ಬರಲಿಲ್ಲ. ಟವರ್ ಚೆನ್ನಾಗಿಯೇ ಇತ್ತು. ಕರೆ ಹೋಗುತ್ತಿತ್ತು, ವಾಟ್ಸ್‌ಆ್ಯಪ್ ಓಡುತ್ತಿತ್ತು. ನಾಲ್ಕಾರು ಅಂಕಿಯ ಪುಟ್ಟ ಎಸ್ಸೆಮ್ಮೆಸ್ ಮಾತ್ರ ದಾರಿಯಲ್ಲೆಲ್ಲೋ ಸಿಕ್ಕಿಬಿದ್ದಿತ್ತು.

ಸಿಕ್ಕಿಹಾಕಿಸಿದ್ದು ಯಾವ ಕಳ್ಳನೂ ಅಲ್ಲ, ಸರ್ಕಾರದ ಹೊಸ ನಿಯಮ. ಬ್ಯಾಂಕು, ಅಂಗಡಿ, ಇಲಾಖೆ ಯಾರೇ ಸಗಟು ಸಂದೇಶ ಕಳಿಸಲಿ, ಅದರ ಒಕ್ಕಣೆಯನ್ನು ಮೊದಲೇ ನೋಂದಾಯಿಸಿರಬೇಕು. ನೋಂದಣಿಯಾದ ಒಕ್ಕಣೆಗೆ ಹೊಂದದ ಸಂದೇಶವನ್ನು ಮೊಬೈಲ್ ಕಂಪನಿ ತಡೆಯಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲೇ ನಿಯಮ ಮಾಡಿತ್ತು. ಆ ಜರಡಿ ನಿಜವಾಗಿ ಆಡತೊಡಗಿದ್ದು ಅಂದು. ಎಷ್ಟೋ ಸಂಸ್ಥೆಗಳು ನೋಂದಣಿಯನ್ನೇ ಮುಗಿಸಿರಲಿಲ್ಲ. ಹಗರಣ ಜೋರಾಗಿ, ಮರುದಿನವೇ ಟ್ರಾಯ್ ಏಳು ದಿನದ ಮಟ್ಟಿಗೆ ಜರಡಿಯನ್ನು ಪಕ್ಕಕ್ಕಿಟ್ಟಿತು.

ದೇಶದ ಬ್ಯಾಂಕು, ಲಸಿಕೆ, ಗುರುತಿನ ಚೀಟಿ ಎಲ್ಲವೂ ಎಂಥ ಹಳೆಯ, ಎಂಥ ತೆಳುವಾದ ದಾರದ ಮೇಲೆ ತೂಗುತ್ತಿವೆ ಎಂಬುದು ಅಂದು ಕಂಡಿತು. ಎಸ್ಸೆಮ್ಮೆಸ್ ಎಂಬುದು 1980ರ ದಶಕದಲ್ಲಿ ಚುಟುಕು ಸುದ್ದಿ ಮುಟ್ಟಿಸಲು ಯುರೋಪಿನ ಎಂಜಿನಿಯರುಗಳು ಮಾಡಿದ ಏರ್ಪಾಟು. ಅದಕ್ಕೆ ತಿಜೋರಿಯ ಬೀಗದ ಕೆಲಸ ಕೊಟ್ಟವರು ಆಮೇಲಿನವರು. ನಮ್ಮ ಗುರುತು ಎಂದು ಎಲ್ಲ ಕಡೆ ಬರೆದುಕೊಡುವ ಹತ್ತಂಕಿಯ ಮೊಬೈಲ್ ನಂಬರಿನ ಕಥೆಯೂ ಇಂಥದ್ದೇ. ಫೋನಿನೊಳಗಿನ ಸಂಖ್ಯೆಗಳಲ್ಲೆಲ್ಲ ಅತ್ಯಂತ ಸಡಿಲವಾದದ್ದು ಅದೇ.

ಬೆಂಗಳೂರಿನ ಹಳಬರಿಗೆ 98450 ಎಂದರೆ ಇಂದಿಗೂ ಒಂದು ಗತ್ತು. ಜೆಟಿ ಮೊಬೈಲ್ಸ್ ಕಾಲದಲ್ಲಿ ಶುರುವಾಗಿ ಏರ್‌ಟೆಲ್ ಪಾಲಾದ ಸರಣಿ ಅದು. 98440 ಎಂದರೆ ಸ್ಪೈಸ್, 98860 ಎಂದರೆ ಹಚ್, 94480 ಎಂದರೆ ಬಿಎಸ್ಸೆನ್ನೆಲ್. ಮೊದಲ ಐದಂಕಿ ಕೇಳಿದರೆ ಸಾಕು, ಕಂಪನಿ ಯಾವುದು, ಸಿಮ್ ಸುಮಾರು ಯಾವ ಕಾಲದ್ದು ಎಂದು ಹೇಳಿಬಿಡಬಹುದಿತ್ತು. 2011ರ ಜನವರಿ 20ರಿಂದ ದೇಶವಿಡೀ ನಂಬರ್ ಪೋರ್ಟ್ ಮಾಡಿಸುವ ಅವಕಾಶ ಬಂತು. 2015ರ ಜುಲೈ 3ರಿಂದ ರಾಜ್ಯದ ಗಡಿ ದಾಟಿಯೂ ಪೋರ್ಟ್ ಮಾಡಿಸಬಹುದಾಯಿತು. ಈಗ 98450 ಎಂಬ ನಂಬರ್ ಜಿಯೋದಲ್ಲಿರಬಹುದು, ಅದರ ಯಜಮಾನ ಪುಣೆಯಲ್ಲಿರಬಹುದು. ನಂಬರ್ ನೋಡಿ ಏನನ್ನೂ ಹೇಳುವಂತಿಲ್ಲ.

ಹಾಗಾದರೆ ಆ ಮನುಷ್ಯನಿಗೆ ಕರೆ ಮುಟ್ಟುವುದು ಹೇಗೆ? ಸಿಮ್‌ನೊಳಗೆ ಬೇರೊಂದು ಸಂಖ್ಯೆ ಕೂತಿದೆ. ಅದರ ಹೆಸರು ಐಎಂಎಸ್‌ಐ, ಉದ್ದ ಸಾಮಾನ್ಯವಾಗಿ ಹದಿನೈದು ಅಂಕಿ. ಮೊದಲ ಮೂರಂಕಿ ದೇಶದ್ದು; ಭಾರತದ ಸಿಮ್‌ಗಳು ಹೆಚ್ಚಾಗಿ 404 ಇಲ್ಲವೇ 405ರಿಂದ ಶುರುವಾಗುತ್ತವೆ. ಆಮೇಲಿನ ಎರಡು ಅಥವಾ ಮೂರಂಕಿ ಕಂಪನಿ ಮತ್ತು ವಲಯದ್ದು. 404 ಆದಮೇಲೆ 45 ಬಂದರೆ ಕರ್ನಾಟಕದ ಏರ್‌ಟೆಲ್, 71 ಬಂದರೆ ಕರ್ನಾಟಕದ ಬಿಎಸ್ಸೆನ್ನೆಲ್. ಉಳಿದವು ಚಂದಾದಾರನ ಕ್ರಮಸಂಖ್ಯೆ. ನೆಟ್‌ವರ್ಕ್ ಗುರುತಿಸುವುದು ಈ ಸಂಖ್ಯೆಯನ್ನು. ಇಂಥ ಐಎಂಎಸ್‌ಐಗೆ ಇಂಥ ಹತ್ತಂಕಿ ಎಂದು ಕಂಪನಿಯ ದೊಡ್ಡ ದಫ್ತರವೊಂದರಲ್ಲಿ ಬರೆದಿಟ್ಟಿರುತ್ತಾರೆ. ಆ ದಫ್ತರದ ಹೆಸರು ಎಚ್‌ಎಲ್‌ಆರ್. ಪೋರ್ಟ್ ಮಾಡಿಸಿದಾಗ ಹೊಸ ಸಿಮ್, ಹೊಸ ಐಎಂಎಸ್‌ಐ, ಹೊಸ ದಫ್ತರ. ಹತ್ತಂಕಿ ಮಾತ್ರ ಹಳೆಯದು. ಸಿಮ್ ಕಳೆದು ಅದೇ ನಂಬರಿಗೆ ಇನ್ನೊಂದು ಪಡೆದಾಗಲೂ ಇಷ್ಟೇ: ಹೊಸ ಸಿಮ್‌ನ ಐಎಂಎಸ್‌ಐ ಎದುರಿಗೆ ಹಳೆಯ ನಂಬರನ್ನು ಬರೆಯುತ್ತಾರೆ.

ಸಿಮ್ ಮೋಸಗಾರರಿಗೆ ಬೇಕಾದದ್ದೂ ಈ ಒಂದು ಸಾಲಿನ ತಿದ್ದುಪಡಿಯೇ. ಕಳ್ಳ ದಾಖಲೆ ತೋರಿಸಿ, ಸಿಮ್ ಕಳೆದಿದೆ ಎಂದು ಅಂಗಡಿಯವನನ್ನು ನಂಬಿಸಿದರೆ ಮುಗಿಯಿತು. ನಿಜವಾದ ಯಜಮಾನನ ಫೋನಿನಲ್ಲಿ ಟವರ್ ಕಡ್ಡಿ ಮಾಯವಾಗುತ್ತದೆ, ಒಟಿಪಿಗಳು ಕಳ್ಳನ ಕೈಗೆ ಹೋಗುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಸಿಮ್ ಬದಲಿಸಿದ ಏಳು ದಿನದೊಳಗೆ ಆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸುವಂತಿಲ್ಲ. ಕಳ್ಳ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹಾರಿ ಜಾಡು ಅಳಿಸದಿರಲಿ ಎಂದು ಈ ತಡೆ. ಮಧ್ಯಾಹ್ನದ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋಗಿ ಗಂಟೆಯಾದರೂ ಬರದಿದ್ದರೆ ಟವರನ್ನು ಬೈಯುತ್ತ ಕೂರುವ ಬದಲು ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡುವುದು ಮೇಲು.

ಹಾಗೆಂದು ಸಿಮ್ ಎಂಬ ಚೂರು ದುರ್ಬಲವೇನಲ್ಲ. ಮ್ಯೂನಿಕ್‌ನ ಗೀಸೆಕ ಆ್ಯಂಡ್ ಡೆವ್ರಿಯೆಂಟ್ ಕಂಪನಿ 1991ರಲ್ಲಿ ಫಿನ್ಲೆಂಡಿನ ರೇಡಿಯೋಲಿನ್ಯಾಗೆ ಮೊದಲ 300 ಸಿಮ್‌ಗಳನ್ನು ಮಾರಿದಾಗಿನಿಂದ ಅದರ ಮೂಲ ಉಪಾಯ ಬದಲಾಗಿಲ್ಲ. ಐಎಂಎಸ್‌ಐ ಪಕ್ಕದಲ್ಲೇ 128 ಬಿಟ್‌ನ ಒಂದು ರಹಸ್ಯ ಕೀಲಿ ಇರುತ್ತದೆ. ಅದರ ಪ್ರತಿ ಇರುವುದು ಕಂಪನಿಯ ದೃಢೀಕರಣ ಕೇಂದ್ರದಲ್ಲಿ ಮಾತ್ರ. ಫೋನ್ ಆನ್ ಆದಾಗ ನೆಟ್‌ವರ್ಕ್ ಒಂದು ದೊಡ್ಡ ಸಂಖ್ಯೆಯನ್ನು ಬಾಯಿಗೆ ಬಂದಂತೆ ಆರಿಸಿ ಕಳಿಸುತ್ತದೆ. ಸಿಮ್ ಆ ಸಂಖ್ಯೆಯನ್ನೂ ತನ್ನ ಕೀಲಿಯನ್ನೂ ಕಲೆಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಕೇಂದ್ರವೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಕೀಲಿ ಗಾಳಿಯಲ್ಲಿ ಒಮ್ಮೆಯೂ ಸುಳಿಯುವುದಿಲ್ಲ. ಸಿಮ್ ಅದನ್ನು ಸ್ವಂತ ಫೋನಿಗೂ ಹೇಳುವುದಿಲ್ಲ. ಐಎಂಎಸ್‌ಐಯನ್ನು ಕೂಡ ಪದೇ ಪದೇ ಕೂಗಿ ಹೇಳಿದರೆ ಕದ್ದು ಕೇಳುವವರು ಮನುಷ್ಯನ ಬೆನ್ನು ಹತ್ತಬಹುದು ಎಂದು ನೆಟ್‌ವರ್ಕ್ ಆಗಾಗ ಬದಲಾಗುವ ತಾತ್ಕಾಲಿಕ ಸಂಖ್ಯೆಯೊಂದನ್ನು ಕೊಟ್ಟು ಅದರಿಂದಲೇ ವ್ಯವಹರಿಸುತ್ತದೆ.

ಇದರಲ್ಲೊಂದು ಲೋಪ ಉಳಿದುಹೋಯಿತು. 2ಜಿ ಕಾಲದ ವಿನ್ಯಾಸದಲ್ಲಿ ಫೋನ್ ತಾನು ಯಾರೆಂದು ನೆಟ್‌ವರ್ಕ್‌ಗೆ ರುಜುವಾತು ಮಾಡಬೇಕಿತ್ತು, ನೆಟ್‌ವರ್ಕ್ ತಾನು ಯಾರೆಂದು ಫೋನಿಗೆ ಹೇಳಬೇಕಿರಲಿಲ್ಲ. ನಕಲಿ ಟವರ್ ಕಟ್ಟಲು ಯಾರಿಗೆ ದುಡ್ಡಿದೆ ಎಂಬ ಧೈರ್ಯ. ಅದರ ಫಲವನ್ನು ಮುಂದೆ ನೋಡೋಣ.

ಐಎಂಇಐ ಎಂಬುದು ಐಎಂಎಸ್‌ಐಗೆ ಹೆಸರಿನಲ್ಲಿ ಅಕ್ಕಪಕ್ಕದ್ದಾದರೂ ಬೇರೆಯದೇ ವಸ್ತು. ಅದು ಸಿಮ್‌ನದಲ್ಲ, ಸೆಟ್ಟಿನದು. *#06# ಒತ್ತಿದರೆ ಕಾಣುವ ಹದಿನೈದಂಕಿ. ಎರಡು ಸಿಮ್‌ನ ಸೆಟ್ಟಿಗೆ ಎರಡು. ಮೊದಲ ಎಂಟು ಅಂಕಿ ಕಂಪನಿ ಮತ್ತು ಮಾದರಿಯನ್ನು ಹೇಳುತ್ತವೆ, ಆಮೇಲಿನ ಆರು ಆ ಮಾದರಿಯಲ್ಲಿ ಇದು ಎಷ್ಟನೆಯ ಸೆಟ್ ಎಂಬುದನ್ನು. ಕೊನೆಯ ಒಂದಂಕಿ ಏನನ್ನೂ ಹೇಳುವುದಿಲ್ಲ. ಹಿಂದಿನ ಹದಿನಾಲ್ಕು ಸರಿಯಿವೆಯೇ ಎಂದು ತಾಳೆ ನೋಡಲು ಅದು.

ಆ ತಾಳೆಯ ಲೆಕ್ಕವನ್ನು ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲೇ ಮಾಡಬಹುದು. ತಾಂತ್ರಿಕ ಪುಸ್ತಕಗಳಲ್ಲಿ ಉದಾಹರಣೆಗೆಂದು ಕೊಡುವ 490154203237518 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಕೊನೆಯ 8ನ್ನು ಬಿಡಿ. ಎಡದಿಂದ ಎರಡನೆಯದು, ನಾಲ್ಕನೆಯದು, ಆರನೆಯದು ಹೀಗೆ ಸಮಸ್ಥಾನದ ಅಂಕಿಗಳನ್ನು ಇಮ್ಮಡಿ ಮಾಡಿ. ಎರಡಂಕಿಯ ಉತ್ತರ ಬಂದರೆ ಅವೆರಡನ್ನೂ ಕೂಡಿ ಒಂದಂಕಿ ಮಾಡಿಕೊಳ್ಳಿ. ಅವೆಲ್ಲವುಗಳ ಮೊತ್ತ 30. ಮುಟ್ಟದೆ ಬಿಟ್ಟ ಅಂಕಿಗಳ ಮೊತ್ತ 22. ಎರಡೂ ಸೇರಿ 52. ಮುಂದಿನ ಹತ್ತರ ಗುಣಕವಾದ 60 ತಲುಪಲು 8 ಬೇಕು. ಕೊನೆಯ ಅಂಕಿ ಅದೇ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ಉಪಾಯವೇ ಎಟಿಎಂ ಕಾರ್ಡಿನ ಹದಿನಾರಂಕಿಯಲ್ಲೂ ಇದೆ, ಸಿಮ್ ಕಾರ್ಡಿನ ಮೈಮೇಲೆ ಅಚ್ಚಾಗಿರುವ 8991ರಿಂದ ಶುರುವಾಗುವ ಉದ್ದನೆಯ ಸಂಖ್ಯೆಯಲ್ಲೂ ಇದೆ. ಬರೆದುಕೊಳ್ಳುವವರು ಒಂದಂಕಿ ತಪ್ಪಿದರೆ ಕೂಡಲೇ ಸಿಕ್ಕಿಬೀಳುತ್ತದೆ. ಮೋಸ ತಡೆಯುವ ಶಕ್ತಿ ಮಾತ್ರ ಅದಕ್ಕಿಲ್ಲ. ಲೆಕ್ಕ ಗೊತ್ತಿದ್ದವರು ಸರಿಯಾಗಿ ತಾಳೆಯಾಗುವ ಸುಳ್ಳು ಸಂಖ್ಯೆಯನ್ನು ಎಷ್ಟು ಬೇಕಾದರೂ ಹೆಣೆಯಬಹುದು.

ಆ ಸುಳ್ಳಿನ ಮಹಾಪೂರವನ್ನು ಭಾರತ ಕಂಡಿದೆ. 2000ದ ದಶಕದ ಕೊನೆಯಲ್ಲಿ ಊರೂರಿಗೆ ಚೀನಾ ಸೆಟ್ ಬಂದವು. ಎರಡು ಸಿಮ್, ಓಣಿಗೆಲ್ಲ ಕೇಳುವ ಸ್ಪೀಕರ್, ಕೆಲವಕ್ಕೆ ಟಿವಿ ಆ್ಯಂಟೆನಾ ಬೇರೆ. ಬೆಲೆಯೋ ತೀರಾ ಅಗ್ಗ. ಐಎಂಇಐ ಜಾಗದಲ್ಲಿ ಮಾತ್ರ ಸೊನ್ನೆಗಳ ಸಾಲು, ಇಲ್ಲವೇ ಸಾವಿರಾರು ಸೆಟ್ಟಿಗೆ ಒಂದೇ ಸಂಖ್ಯೆ. ಮುಂಬೈ ದಾಳಿಯ ನಂತರ ಭದ್ರತೆಯ ಪ್ರಶ್ನೆ ಎದ್ದು, ಐಎಂಇಐ ಇಲ್ಲದ ಸೆಟ್‌ಗಳಿಗೆ 2009ರ ನವೆಂಬರ್ 30ರ ನಡುರಾತ್ರಿಯಿಂದ ಕರೆ ಬಂದ್ ಮಾಡಲು ದೂರಸಂಪರ್ಕ ಇಲಾಖೆ ಹೇಳಿತು. ಪಾಪ, ದುಡ್ಡು ಕೊಟ್ಟು ಕೊಂಡವರ ಗತಿಯೇನು? ಅದಕ್ಕೂ ದಾರಿ ಮಾಡಿದರು. ಗೊತ್ತುಮಾಡಿದ ಕೇಂದ್ರಕ್ಕೆ ಹೋಗಿ 199 ರೂಪಾಯಿ ಕೊಟ್ಟರೆ ಸೆಟ್ಟಿಗೆ ಅಸಲಿ ಐಎಂಇಐ ಒಂದನ್ನು ಹಾಕಿಕೊಡುತ್ತಿದ್ದರು. ನಕಲಿ ಸೆಟ್ಟಿಗೆ ಅಸಲಿ ಹೆಸರಿಟ್ಟ ಇಂಥ ಸಾಮೂಹಿಕ ನಾಮಕರಣ ಬೇರೆಲ್ಲೂ ಸುಲಭಕ್ಕೆ ಸಿಗಲಿಕ್ಕಿಲ್ಲ.

ರೋಗ ಪೂರ್ತಿ ವಾಸಿಯಾಗಲಿಲ್ಲ. 2020ರ ಜೂನ್‌ನಲ್ಲಿ ಉತ್ತರ ಪ್ರದೇಶದ ಮೀರತ್ ಪೊಲೀಸರಿಗೆ ಒಂದೇ ಐಎಂಇಐ ಮೇಲೆ ದೇಶದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಫೋನ್‌ಗಳು ಓಡುತ್ತಿರುವುದು ಗೊತ್ತಾಯಿತು. ಅದು ಬಯಲಾದದ್ದು ಪೊಲೀಸ್ ಇಲಾಖೆಯ ಸಿಬ್ಬಂದಿಯೊಬ್ಬರ ಸ್ವಂತ ಫೋನ್ ರಿಪೇರಿಗೆ ಹೋಗಿ ಬಂದಮೇಲೆ. 2023ರ ದೂರಸಂಪರ್ಕ ಕಾಯ್ದೆ ಐಎಂಇಐ ತಿದ್ದುವುದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಇಟ್ಟಿದೆ. ಹಳೆಯ ಫೋನ್ ಕೊಳ್ಳುವವರು ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಹದಿನೈದಂಕಿಯನ್ನು ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಆ ಸೆಟ್ಟಿನ ಜಾತಕ ಬರುತ್ತದೆ. ಮಾರುವವನ ಮಾತಿಗಿಂತ ಅದನ್ನು ನಂಬಬಹುದು.

ಐಎಂಇಐ ಒಳ್ಳೆಯ ಕೆಲಸಕ್ಕೆ ಬಂದದ್ದು ಕಳೆದ ಫೋನ್ ಹುಡುಕುವಲ್ಲಿ. ಕೇಂದ್ರ ಸರ್ಕಾರದ ಸಿ-ಡಾಟ್ ಸಂಸ್ಥೆ ಕಟ್ಟಿದ ಸಿಇಐಆರ್ ಎಂಬ ದಾಖಲೆಯಲ್ಲಿ ಎಲ್ಲ ಮೊಬೈಲ್ ಕಂಪನಿಗಳ ಕಪ್ಪುಪಟ್ಟಿ ಒಂದೆಡೆ ಸೇರುತ್ತದೆ. ಪೊಲೀಸರಿಗೆ ದೂರು ಕೊಟ್ಟು, ಅದೇ ನಂಬರಿಗೆ ಬೇರೆ ಸಿಮ್ ಪಡೆದು, ಐಎಂಇಐ ದಾಖಲಿಸಿದರೆ ಆ ಸೆಟ್ ಯಾವ ಕಂಪನಿಯ ಸಿಮ್ ಹಾಕಿದರೂ ಕೆಲಸ ಮಾಡದು. ಯಾರಾದರೂ ಅದಕ್ಕೆ ಸಿಮ್ ತೂರಿಸಿದ ಕ್ಷಣ ಆ ಸಿಮ್‌ನ ವಿವರ ದಾಖಲೆಗೆ ಬಂದು ಪೊಲೀಸರ ಮುಂದೆ ಬೀಳುತ್ತದೆ. 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಹೆಸರಿನಲ್ಲಿ ಇದು ದೇಶಕ್ಕೆಲ್ಲ ಬಂತು; ಅಷ್ಟರೊಳಗೆ ಕರ್ನಾಟಕ ಪೊಲೀಸರು ಇದನ್ನು ಬಳಸಿ 2,500ಕ್ಕೂ ಹೆಚ್ಚು ಫೋನ್‌ಗಳನ್ನು ವಾರಸುದಾರರಿಗೆ ಮರಳಿಸಿದ್ದರು. ಕಳೆದ ಫೋನ್ ಎಂದರೆ ಗಂಗೆಗೆ ಬಿಟ್ಟಂತೆ ಎಂದುಕೊಂಡಿದ್ದವರು ಠಾಣೆಯ ಮುಂದೆ ಸಾಲಾಗಿ ನಿಂತು ಫೋನ್ ಪಡೆಯುವ ಫೋಟೊಗಳು ಆಮೇಲೆ ಜಿಲ್ಲಾ ಪುಟಗಳಲ್ಲಿ ಮಾಮೂಲಾದವು. ಆದರೆ ಅದೇ ಸಂಚಾರ್ ಸಾಥಿ ಆ್ಯಪನ್ನು ಪ್ರತಿ ಹೊಸ ಫೋನಿನಲ್ಲೂ ಕಡ್ಡಾಯವಾಗಿ ಹಾಕಿಯೇ ಮಾರಬೇಕೆಂದು 2025ರ ನವೆಂಬರ್ ಕೊನೆಯಲ್ಲಿ ಹೊರಟ ಆದೇಶ, ಖಾಸಗಿತನದ ಗದ್ದಲ ಎದ್ದು, ಡಿಸೆಂಬರ್ 3ಕ್ಕೇ ವಾಪಸಾಯಿತು. ಕಳೆದ ಫೋನನ್ನು ಹುಡುಕುವ ಕಣ್ಣು ಕಳೆಯದ ಫೋನನ್ನೂ ನೋಡಬಲ್ಲದು ಎಂಬ ಅಂಜಿಕೆ ಸಹಜವಾದದ್ದೇ.

ಸಂಖ್ಯೆಗಳ ಕಥೆ ಇಷ್ಟಾದರೆ, ಅವುಗಳ ನಡುವೆ ಓಡಾಡುವ ಸಂದೇಶದ್ದು ಇನ್ನೂ ಸ್ವಾರಸ್ಯ. 1985ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಎಂಬ ಎಂಜಿನಿಯರ್ ಟೈಪ್‌ರೈಟರ್ ಮುಂದೆ ಕೂತು ಬಿಡಿಬಿಡಿ ವಾಕ್ಯಗಳನ್ನು, ಪ್ರಶ್ನೆಗಳನ್ನು ಟೈಪ್ ಮಾಡಿ ಅಕ್ಷರ ಎಣಿಸಿದರು. ಹೆಚ್ಚುಕಡಿಮೆ ಎಲ್ಲವೂ 160ರೊಳಗೆ ಮುಗಿದವು. ಪೋಸ್ಟ್‌ಕಾರ್ಡುಗಳನ್ನೂ ಟೆಲೆಕ್ಸ್ ಸಂದೇಶಗಳನ್ನೂ ನೋಡಿದರೆ ಅವುಗಳದ್ದೂ ಬಹುಪಾಲು ಅದೇ ಅಳತೆ. ಕರೆ ಬರುತ್ತಿದೆ, ಫೋನ್ ಇಂಥ ಟವರಿನ ಕೆಳಗಿದೆ ಎಂಬ ಒಳಮಾತುಗಳಿಗಾಗಿ ಇಟ್ಟ ಸಣ್ಣ ಕಾಲುವೆಯೊಂದು ಮೊಬೈಲ್ ಜಾಲದಲ್ಲಿತ್ತು. ಹೆಚ್ಚು ಹೊತ್ತು ಅದು ಖಾಲಿ. ಅದರಲ್ಲೇ 140 ಬೈಟ್‌ನ ಪುಟ್ಟ ಪೊಟ್ಟಣ ತೇಲಿಬಿಟ್ಟರಾಯಿತು ಎಂದು ತೀರ್ಮಾನವಾಯಿತು. ಏಳು ಬಿಟ್‌ಗೆ ಒಂದು ಅಕ್ಷರದಂತೆ 140 ಬೈಟ್‌ಗೆ ಸರಿಯಾಗಿ 160 ಅಕ್ಷರ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರ್ ಕಂಪ್ಯೂಟರಿನಿಂದ ವೊಡಾಫೋನ್‌ನ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ ಕ್ರಿಸ್ಮಸ್ ಶುಭಾಶಯ ಕಳಿಸಿದ್ದೇ ಮೊದಲ ಎಸ್ಸೆಮ್ಮೆಸ್.

ಹಿಲೆಬ್ರಾಂಡ್ ಅವರ ಟೈಪ್‌ರೈಟರಿನಲ್ಲಿ ಕನ್ನಡ ಇರಲಿಲ್ಲ. ಅವರೆಲ್ಲ ಸೇರಿ ಮಾಡಿದ 128 ಚಿಹ್ನೆಗಳ ಪಟ್ಟಿಯಲ್ಲಿ ರೋಮನ್ ಅಕ್ಷರ, ಯುರೋಪಿನ ಒತ್ತು ಬಿಂದುಗಳು, ಒಂದಷ್ಟು ಗ್ರೀಕ್ ಅಕ್ಷರ ಕೂಡ ಜಾಗ ಪಡೆದವು. ಭಾರತದ ಯಾವ ಲಿಪಿಯೂ ಇಲ್ಲ. ಆ ಪಟ್ಟಿಯಾಚೆಗಿನ ಒಂದೇ ಒಂದು ಅಕ್ಷರ ನುಸುಳಿದರೂ ಇಡೀ ಸಂದೇಶ ಯೂನಿಕೋಡ್‌ಗೆ ಹೊರಳುತ್ತದೆ. ಅಲ್ಲಿ ಅಕ್ಷರಕ್ಕೆ ಹದಿನಾರು ಬಿಟ್. 140 ಬೈಟ್‌ನಲ್ಲಿ ಹಿಡಿಯುವುದು 70 ಮಾತ್ರ. ಅದೂ ಕನ್ನಡಿಗರು ಎಣಿಸುವ ಅಕ್ಷರವಲ್ಲ. ಕ್ಷೇತ್ರ ಎಂಬ ಪದ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಮೂಲ ವ್ಯಂಜನ, ವಿರಾಮ, ಒತ್ತು, ಸ್ವರಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ ಬಿದ್ದು ಏಳಾಗುತ್ತದೆ. ಅಂಥ ಹತ್ತು ಪದ ಬರೆದರೆ, ನಡುವೆ ಜಾಗ ಬಿಡುವ ಮೊದಲೇ, ಒಂದು ಎಸ್ಸೆಮ್ಮೆಸ್ ಖತಂ. ಮೀರಿದರೆ ಸಂದೇಶ ತುಂಡಾಗುತ್ತದೆ. ತುಂಡುಗಳನ್ನು ಆ ಕಡೆ ಕೂಡಿಸಿಕೊಳ್ಳಲು ಒಂದಿಷ್ಟು ಬೈಟ್ ಖರ್ಚಾಗಿ ತುಂಡಿಗೆ 67 ಮಾತ್ರ ಉಳಿಯುತ್ತದೆ. ದರ ತುಂಡಿಗಿಷ್ಟು.

ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೆಯುವುದಿಲ್ಲ ಎಂದು ಕಂಪನಿಗಳು ಮೊದಲೇ ಸಾರುತ್ತಿದ್ದ ಕಾಲ ನೆನಪಿದ್ದವರಿಗೆ ಇದರ ಬಿಸಿ ಗೊತ್ತು. ದೀಪಾವಳಿಯ ಶುಭಾಶಯವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಎರಡು ಮೂರು ಸಂದೇಶದ ದುಡ್ಡು, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದರದ್ದು. ಕೀಲಿಮಣೆ ಇರಲಿಲ್ಲ, ಎದುರಿನವರ ಸೆಟ್ಟಿನಲ್ಲಿ ಫಾಂಟ್ ಇಲ್ಲದೆ ಚೌಕಗಳೇ ಕಾಣುತ್ತಿದ್ದವು ಎಂಬುದೂ ನಿಜ. ಒಂದು ತಲೆಮಾರು "ಊಟ ಆಯ್ತಾ" ಎನ್ನುವುದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಲು ಕಲಿತದ್ದರಲ್ಲಿ ಈ 160 ಮತ್ತು 70ರ ಪಾಲೂ ಇದೆ. ಸಗಟು ಸಂದೇಶಕ್ಕೆ ಈಗಲೂ ಲೆಕ್ಕ ತುಂಡಿನದೇ ಆದ್ದರಿಂದ, ಕನ್ನಡದಲ್ಲಿ ಒಟಿಪಿ ಕಳಿಸಿ ಎಂದು ಕೇಳುವ ಗ್ರಾಹಕ ಬ್ಯಾಂಕಿನ ಖರ್ಚನ್ನು ಹೆಚ್ಚಿಸುವವನೇ. ಹಾಗೆಂದು ಕೇಳುವುದನ್ನು ಬಿಡಬೇಕಿಲ್ಲ.

ತಮಾಷೆಯೆಂದರೆ ಇದಕ್ಕೆ ಪರಿಹಾರ ಎಂದೋ ಬರೆದಿಡಲಾಗಿದೆ. ಮೊಬೈಲ್ ಮಾನದಂಡಗಳ ಸಂಸ್ಥೆ 3ಜಿಪಿಪಿ ತನ್ನ ಅಕ್ಷರಪಟ್ಟಿಯ ದಾಖಲೆಗೆ ಟರ್ಕಿ, ಸ್ಪೇನ್, ಪೋರ್ಚುಗಲ್‌ನ ಭಾಷೆಗಳ ಬೆನ್ನಿಗೆ ಭಾರತದ ಹತ್ತು ಭಾಷೆಗಳನ್ನು ಸೇರಿಸಿತು. ಅದರಲ್ಲಿ ಕನ್ನಡದ ಕ್ರಮಾಂಕ 7. ಸಂದೇಶದ ತಲೆಯಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ಕನ್ನಡವೂ ಏಳು ಬಿಟ್‌ನಲ್ಲೇ ಹೋಗಿ, ಒಂದು ಎಸ್ಸೆಮ್ಮೆಸ್‌ನಲ್ಲಿ 155 ಚಿಹ್ನೆ ಹಿಡಿಸಬಹುದು. ಕಳಿಸುವ ಸೆಟ್, ಪಡೆಯುವ ಸೆಟ್ ಎರಡಕ್ಕೂ ಅದು ತಿಳಿದಿರಬೇಕು, ಅಷ್ಟೇ. ಫೋನ್ ಕಂಪನಿಗಳು ಅದರ ಗೊಡವೆಗೆ ಹೆಚ್ಚು ಹೋಗಲಿಲ್ಲ. ವಾಟ್ಸ್‌ಆ್ಯಪ್ ಬಂದಮೇಲೆ ಕೇಳುವವರೂ ಉಳಿಯಲಿಲ್ಲ. ಮಾನದಂಡದ ಪುಟದಲ್ಲಿ ಕನ್ನಡದ ಕೋಷ್ಟಕ ಹಾಗೇ ಕೂತಿದೆ.

ಒತ್ತಿದ ಎಸ್ಸೆಮ್ಮೆಸ್ ನೇರ ಗೆಳೆಯನ ಫೋನಿಗೆ ಹಾರುವುದಿಲ್ಲ. ಅದು ಮೊದಲು ಕಂಪನಿಯ ಸಂದೇಶ ಕೇಂದ್ರಕ್ಕೆ ಹೋಗುತ್ತದೆ. ಕೇಂದ್ರ ಆ ಹತ್ತಂಕಿಯ ದಫ್ತರಕ್ಕೆ, ಅಂದರೆ ಎಚ್‌ಎಲ್‌ಆರ್‌ಗೆ, ಈತ ಈಗ ಎಲ್ಲಿದ್ದಾನೆ ಎಂದು ಕೇಳುತ್ತದೆ. ಶಿರಸಿಯ ಕಡೆಯ ವಿನಿಮಯ ಕೇಂದ್ರದ ಸರಹದ್ದಿನಲ್ಲಿದ್ದಾನೆ ಎಂದು ಉತ್ತರ ಬಂದರೆ ಅಲ್ಲಿಗೆ ರವಾನೆ. ಘಟ್ಟದ ತಿರುವಿನಲ್ಲಿ ಟವರ್ ಸಿಗದಿದ್ದರೆ ಸಂದೇಶ ಕೇಂದ್ರದಲ್ಲೇ ಕಾಯುತ್ತದೆ. ಇವನಿಗೊಂದು ಸಂದೇಶ ಬಾಕಿಯಿದೆ ಎಂದು ದಫ್ತರದಲ್ಲಿ ಗುರುತು ಬೀಳುತ್ತದೆ. ಫೋನ್ ಮತ್ತೆ ಟವರಿಗೆ ಸಿಕ್ಕ ಕೂಡಲೇ ದಫ್ತರ ಕೇಂದ್ರವನ್ನು ಎಚ್ಚರಿಸುತ್ತದೆ. ಘಟ್ಟ ಹತ್ತಿ ಬಂದವರ ಫೋನ್ ಒಮ್ಮೆಲೇ ಟಣಟಣ ಎನ್ನುವುದು ಅದಕ್ಕೇ. ಸಂದೇಶ ಕೊಳೆಯದೆ ಕಾಯುವುದಕ್ಕೂ ಒಂದು ಗಡುವುಂಟು; ಅದು ಮೀರಿದರೆ ಕೇಂದ್ರ ಅಳಿಸಿಹಾಕುತ್ತದೆ.

ಇದೇ ಕಾಲುವೆಯಲ್ಲಿ ಇನ್ನೊಂದು ಬಗೆಯ ಸಂದೇಶವೂ ಹರಿಯುತ್ತದೆ. ಬ್ಯಾಲೆನ್ಸ್ ನೋಡಲು ನಕ್ಷತ್ರ, ಅಂಕಿ, ಕೊನೆಗೆ ಹ್ಯಾಶ್ ಒತ್ತುತ್ತಿದ್ದುದು ನೆನಪಿರಬಹುದು. ಯುಎಸ್‌ಎಸ್‌ಡಿ ಎಂಬ ಈ ವಿಧಾನದಲ್ಲಿ ಕಾಯುವುದು, ಕೂಡಿಡುವುದು ಇಲ್ಲ. ಎದುರುಬದುರು ಮಾತು, ಮುಗಿದೊಡನೆ ಮಾಯ. ಇಂಟರ್‌ನೆಟ್ ಇಲ್ಲದ ಗುಂಡಿ ಫೋನಿನಿಂದಲೂ ಬ್ಯಾಂಕ್ ವ್ಯವಹಾರ ಮಾಡಲೆಂದು 2014ರ ಆಗಸ್ಟ್‌ನಲ್ಲಿ ದೇಶಕ್ಕೆ ಅರ್ಪಣೆಯಾದ *99# ಸೇವೆ ನಡೆಯುವುದು ಇದರ ಮೇಲೆ, ಕನ್ನಡದಲ್ಲೂ ಸಿಗುತ್ತದೆ. ಹಾಗೆಂದು ನಕ್ಷತ್ರ, ಹ್ಯಾಶ್ ಇದ್ದದ್ದೆಲ್ಲ ಇದೇ ಅಲ್ಲ. *#06# ಫೋನಿನಾಚೆ ಹೋಗುವುದೇ ಇಲ್ಲ. ಸಿಮ್ ಇಲ್ಲದ ಸೆಟ್ಟಿನಲ್ಲೂ ಉತ್ತರ ಬರುತ್ತದೆ. ಕೊರಿಯರ್ ಕಂಪನಿಯವರೆಂದು ಹೇಳಿಕೊಂಡು *401* ಎಂದು ಶುರುಮಾಡಿ ಯಾವುದೋ ಮೊಬೈಲ್ ನಂಬರ್ ಒತ್ತಿಸುವವರು ಬೇಕಾದಷ್ಟಿದ್ದರು. ಅದು ಕರೆಗಳನ್ನೆಲ್ಲ ಕಳ್ಳನ ಫೋನಿಗೆ ತಿರುಗಿಸುವ ಆಜ್ಞೆ. ಒಟಿಪಿಯನ್ನು ಕರೆಯ ಮೂಲಕ ಹೇಳಿಸಿಕೊಂಡರೆ ಕೆಲಸ ಮುಗಿಯಿತು. 2024ರ ಏಪ್ರಿಲ್ 15ರಿಂದ ಆ ದಾರಿಯನ್ನು ಮುಚ್ಚಲು ಇಲಾಖೆ ಹೇಳಿತು. *#21# ಒತ್ತಿದರೆ ಕರೆಗಳು ಬೇರೆಲ್ಲಿಗಾದರೂ ತಿರುಗಿವೆಯೇ ಎಂಬುದು ತಿಳಿಯುತ್ತದೆ.

ದಫ್ತರ, ಸಂದೇಶ ಕೇಂದ್ರಗಳೆಲ್ಲ ತಮ್ಮತಮ್ಮೊಳಗೆ ಆಡುವ ಭಾಷೆಯ ಹೆಸರು ಎಸ್‌ಎಸ್7. ಅದರ ಬೇರು 1975ರ ಅಮೆರಿಕದಲ್ಲಿದೆ, ಅಂತಾರಾಷ್ಟ್ರೀಯ ಮಾನದಂಡವಾದದ್ದು 1980ರಲ್ಲಿ. ಆಗ ಜಗತ್ತಿನಲ್ಲಿದ್ದ ಫೋನ್ ಕಂಪನಿಗಳು ಕೆಲವೇ, ಬಹುಪಾಲು ಸರ್ಕಾರಿ. ಹಳೆಯ ವಠಾರದಲ್ಲಿ ಒಳಬಾಗಿಲಿಗೆ ಯಾರೂ ಚಿಲಕ ಹಾಕುತ್ತಿರಲಿಲ್ಲ. ಈ ಭಾಷೆಯೂ ಅಂಥ ನಂಬಿಕೆಯಲ್ಲಿ ಹುಟ್ಟಿತು. ನಿಮ್ಮ ಚಂದಾದಾರ ಈಗ ನಮ್ಮೂರಿಗೆ ಬಂದಿದ್ದಾನೆ, ಅವನ ಸಂದೇಶಗಳನ್ನು ಇತ್ತ ಕಳಿಸಿ ಎಂದು ಹೊರದೇಶದ ಕಂಪನಿಯೊಂದು ಹೇಳಿದರೆ ದಫ್ತರ ಹಾಗೇ ನಂಬುತ್ತಿತ್ತು. ದುಬೈನಲ್ಲಿ ಇಳಿದೊಡನೆ ಮಂಗಳೂರಿನ ಸಿಮ್ ಕೆಲಸ ಮಾಡುವುದು ಈ ನಂಬಿಕೆಯ ಬಲದಿಂದಲೇ. ಆಮೇಲೆ ಕಂಪನಿಗಳು ನೂರಾರಾದವು, ಜಾಲದೊಳಗೆ ಕಾಲಿಡಲು ಬಾಡಿಗೆಗೆ ದಾರಿ ಸಿಗತೊಡಗಿತು.

2014ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನ ಹ್ಯಾಕರ್ ಸಮಾವೇಶದಲ್ಲಿ ಟೋಬಿಯಾಸ್ ಎಂಗೆಲ್ ಮತ್ತು ಕಾರ್ಸ್ಟನ್ ನೋಲ್ ಎಂಬಿಬ್ಬರು ಜರ್ಮನ್ ಸಂಶೋಧಕರು, ಬರೀ ಫೋನ್ ನಂಬರ್ ಹಿಡಿದು ಮನುಷ್ಯ ಎಲ್ಲಿದ್ದಾನೆಂದು ಪತ್ತೆ ಮಾಡುವುದನ್ನೂ ಅವನ ಸಂದೇಶಗಳನ್ನು ತಿರುಗಿಸುವುದನ್ನೂ ವಿವರಿಸಿ ತೋರಿಸಿದರು. ಮೂರು ವರ್ಷವೂ ಆಗಲಿಲ್ಲ, ಅದು ನಿಜವಾಯಿತು. ಜರ್ಮನಿಯ ಕೆಲವರ ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಮೊದಲೇ ಕದ್ದಿದ್ದ ಕಳ್ಳರು, ಹೊರದೇಶದ ಜಾಲದಿಂದ ಆ ನಂಬರುಗಳ ಎಸ್ಸೆಮ್ಮೆಸ್ ತಮ್ಮತ್ತ ತಿರುಗಿಸಿಕೊಂಡು ಖಾತೆ ಖಾಲಿ ಮಾಡಿದರು. ಒ2 ಟೆಲಿಫೋನಿಕಾ ಕಂಪನಿ 2017ರಲ್ಲಿ ಇದನ್ನು ಒಪ್ಪಿಕೊಂಡಿತು. ಗ್ರಾಹಕರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಆಗ ಒತ್ತಿರಲಿಲ್ಲ, ಸಿಮ್ ಅವರ ಜೇಬಿನಲ್ಲೇ ಇತ್ತು. ಕಂಪನಿಗಳು ಈಗ ಇಂಥ ಕೋರಿಕೆಗಳನ್ನು ಸೋಸಲು ಕಾವಲು ಹಾಕಿಕೊಂಡಿವೆ. 2ಜಿ, 3ಜಿ ಉಳಿದಿರುವಷ್ಟು ಕಾಲ ಹಳೆಯ ಭಾಷೆಯೂ ಉಳಿಯುತ್ತದೆ.

2ಜಿಯ ಏಕಮುಖ ಪರಿಚಯದ ಫಲ ಉಣ್ಣುವ ಹೊತ್ತೂ ಬಂದಿದೆ. ಕಾರಿನ ಡಿಕ್ಕಿಯಲ್ಲಿ ಹಿಡಿಸುವಂಥ ನಕಲಿ ಟವರ್ ಹೊತ್ತು ಊರು ಸುತ್ತುತ್ತ, ಸುತ್ತಲಿನ ಫೋನ್‌ಗಳನ್ನು 2ಜಿಗೆ ಇಳಿಸಿ ಮೋಸದ ಎಸ್ಸೆಮ್ಮೆಸ್ ಎರಚುವವರನ್ನು ಲಂಡನ್, ಬ್ಯಾಂಕಾಕ್ ಪೊಲೀಸರು ಹಿಡಿದಿದ್ದಾರೆ. ಆ ಸಂದೇಶ ಯಾವ ಕಂಪನಿಯ ಕೇಂದ್ರವನ್ನೂ ಹಾಯುವುದಿಲ್ಲ; ಹಾಗಾಗಿ ಯಾವ ಜರಡಿಗೂ ಸಿಗುವುದಿಲ್ಲ, ಕಳಿಸಿದವರ ಜಾಗದಲ್ಲಿ ಬ್ಯಾಂಕಿನ ಹೆಸರನ್ನೇ ಹಾಕಬಹುದು. ಆಂಡ್ರಾಯ್ಡ್ 12ರಿಂದೀಚೆಗೆ 2ಜಿಯನ್ನು ಆರಿಸಿಡುವ ಗುಂಡಿಯೊಂದು ಹಲವು ಫೋನ್‌ಗಳ ಸಿಮ್ ಸೆಟ್ಟಿಂಗ್ಸ್‌ನಲ್ಲಿದೆ. 4ಜಿ ಚೆನ್ನಾಗಿ ಸಿಗುವ ಊರಿನವರು ಅದನ್ನು ಆರಿಸಿಟ್ಟರೆ ನಷ್ಟವಿಲ್ಲ.

ಜರಡಿ ಹಾದು ಬಂದ ಸಗಟು ಸಂದೇಶದ ತಲೆಬರಹವನ್ನು ಓದಲು ಕಲಿತರೆ ಒಂದಿಷ್ಟು ಸುಳಿವು ಸಿಗುತ್ತದೆ. ಎ-ಎಕ್ಸ್ ಎಂಬ ಜೋಡಿಯಿಂದ ಶುರುವಾದರೆ ಮೊದಲನೆಯದು ಏರ್‌ಟೆಲ್, ಎರಡನೆಯದು ಕರ್ನಾಟಕ ವಲಯ. ಜೆ-ಡಿ ಎಂದರೆ ಜಿಯೋ, ದೆಹಲಿ. ವಿ-ಎಂ ಎಂದರೆ ವೊಡಾಫೋನ್, ಮುಂಬೈ. ಇದು ಕಳಿಸಿದ ಕಡೆಯ ಕಂಪನಿಯೇ ಹೊರತು ಪಡೆಯುವವರದಲ್ಲ. 2025ರಿಂದ ಹೆಸರಿನ ಬಾಲದಲ್ಲೂ ಒಂದಕ್ಷರ ಬಂದಿದೆ: ಜಾಹೀರಾತಿಗೆ ಪಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ, ಸರ್ಕಾರಕ್ಕೆ ಜಿ. ವಿದ್ಯುತ್ ಬಿಲ್ ಕಟ್ಟಿಲ್ಲ, ರಾತ್ರಿ ಕರೆಂಟ್ ಕಡಿಯುತ್ತೇವೆ ಎಂಬ ಎಚ್ಚರಿಕೆ ಯಾವುದೋ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದನ್ನು ಅಲ್ಲಿಗೇ ಬಿಡಬಹುದು.

ಯಾರ ನಂಬರೂ ಬೇಡದ ಸಂದೇಶವೂ ಒಂದಿದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಕಚೇರಿ, ಬಸ್ಸು, ಮನೆಗಳಲ್ಲಿದ್ದ ಫೋನ್‌ಗಳು ಒಮ್ಮೆಲೇ ಕಿರುಚಿ ನಡುಗಿದವು. ವಿಪತ್ತಿನ ಮುನ್ನೆಚ್ಚರಿಕೆಯ ಪರೀಕ್ಷೆ ಅದು. ಟವರ್ ಒಂದೇ ಸಲ ಕೂಗುತ್ತದೆ, ಅದರ ಕೆಳಗಿರುವ ಫೋನ್‌ಗಳೆಲ್ಲ ಕೇಳಿಸಿಕೊಳ್ಳುತ್ತವೆ. ಯಾರು ಕೇಳಿಸಿಕೊಂಡರೆಂದು ಟವರಿಗೆ ತಿಳಿಯುವುದೂ ಇಲ್ಲ, ಹತ್ತಂಕಿ ಹದಿನೈದಂಕಿ ಯಾವುದೂ ಬೇಕಾಗುವುದೂ ಇಲ್ಲ. ನೆರೆ ಬಂದಾಗ ಲಕ್ಷ ಜನಕ್ಕೆ ಲಕ್ಷ ಎಸ್ಸೆಮ್ಮೆಸ್ ಕಳಿಸಿ ಜಾಲವನ್ನು ಉಸಿರುಗಟ್ಟಿಸುವ ಬದಲು ಇದೇ ಲೇಸು.

ಒಟಿಪಿಯನ್ನು ಎಸ್ಸೆಮ್ಮೆಸ್‌ನಿಂದ ಬಿಡಿಸುವ ಮಾತು ಜಗತ್ತಿನಲ್ಲಿ ಬಹಳ ದಿನದಿಂದ ನಡೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿಗೆ ಎಂದ ನಿರ್ದೇಶನಗಳು ಬೆರಳಚ್ಚು, ಆ್ಯಪ್‌ನ ಟೋಕನ್‌ನಂಥ ಬೇರೆ ದಾರಿಗಳಿಗೆ ಬಾಗಿಲು ತೆರೆದಿವೆ. ಎಸ್ಸೆಮ್ಮೆಸ್ ಒಟಿಪಿಯನ್ನು ಕಿತ್ತುಹಾಕಿಲ್ಲ. ಗುಂಡಿ ಫೋನ್ ಹಿಡಿದವರು ಕೋಟಿಗಟ್ಟಲೆ ಇರುವ ದೇಶದಲ್ಲಿ ಅದು ಸರಿಯಾದ ನಿರ್ಧಾರವೇ. ಹಾಗಾಗಿ ಹತ್ತಂಕಿಗೆ ಬರುವ ಆ ನಾಲ್ಕಾರು ಅಂಕಿಯನ್ನು ಕಾಯುವ ಕೆಲಸ ಇನ್ನೂ ಕೆಲಕಾಲ ಗ್ರಾಹಕನ ಹೆಗಲ ಮೇಲೆಯೇ ಇರುತ್ತದೆ.

ಅದಕ್ಕೆ ಎಲ್ಲರ ಬಳಿಯೂ ಒಂದು ಸಾಧನವಿದೆ, ಬಳಸುವವರು ಮಾತ್ರ ಕಡಿಮೆ. ಫೋನ್ ಕದ್ದವನು ಪರದೆಯ ಬೀಗ ತೆರೆಯಲಾಗದಿದ್ದರೂ ಸಿಮ್ ಕಿತ್ತು ತನ್ನ ಸೆಟ್ಟಿಗೆ ಹಾಕಿಕೊಂಡರೆ ಒಟಿಪಿಗಳೆಲ್ಲ ಅವನಿಗೆ ಬರುತ್ತವೆ. ಸಿಮ್‌ಗೆ ಪಿನ್ ಹಾಕಿದ್ದರೆ ಅದು ನಡೆಯದು. ಬೇರೆ ಸೆಟ್ಟಿಗೆ ಹಾಕಿದಾಗ ಸಿಮ್ ಮೊದಲು ಪಿನ್ ಕೇಳುತ್ತದೆ. ಫೋನಿನ ಭದ್ರತಾ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಎಂಬಲ್ಲಿ ಇದು ಸಿಗುತ್ತದೆ. ಕೈ ಹಾಕುವ ಮೊದಲು ಕಂಪನಿ ಕೊಟ್ಟ ಮೂಲ ಪಿನ್ ಯಾವುದೆಂದು ಕೇಳಿ ತಿಳಿದುಕೊಳ್ಳಿ, ಆಮೇಲೆ ನಿಮ್ಮದಕ್ಕೆ ಬದಲಿಸಿ. ಮೂರು ಸಲ ತಪ್ಪಿದರೆ ಸಿಮ್ ಎಂಟಂಕಿಯ ಪಿಯುಕೆ ಕೇಳುತ್ತದೆ. ಅದು ಸಿಮ್ ಬಂದ ಪ್ಲಾಸ್ಟಿಕ್ ಕಾರ್ಡಿನ ಮೇಲಿರುತ್ತದೆ, ಇಲ್ಲವೇ ಕಂಪನಿಯವರು ಕೊಡುತ್ತಾರೆ. ಬರೆದು ಮನೆಯಲ್ಲಿ ಇಟ್ಟುಕೊಳ್ಳಿ. ಪಿಯುಕೆಯನ್ನು ಹತ್ತು ಸಲ ತಪ್ಪಾಗಿ ಒತ್ತಿದರೆ ಆ ಸಿಮ್ ಶಾಶ್ವತವಾಗಿ ಸತ್ತು, ಹೊಸದನ್ನೇ ಪಡೆಯಬೇಕಾಗುತ್ತದೆ.